ಕರಿಯನಿಗೂ ಗುಂಡನಿಗೂ ಪಾಸ್‌ಬುಕ್

37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಬಿಡದ ಚಟವೊಂದಿದೆ. ಏನೇ ಆದರೂ ತಾರೀಖು ಹಾಕಿ ಬರೆದಿಡುವುದು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ನನ್ನ ಶುಗರ್ ಎಷ್ಟು ಬಂತು ಎನ್ನುವುದು, ಎಲ್ಲಕ್ಕೂ ಒಂದೊಂದು ಪುಸ್ತಕ. ಈ ಸಾಲಿನಲ್ಲಿ ಇನ್ನೂ ಎರಡು ನೋಟ್‌ಬುಕ್ಕುಗಳಿವೆ. ಒಂದರ ರಟ್ಟಿನ ಮೇಲೆ ‘ಕರಿಯ’ ಎಂದಿದೆ, ಇನ್ನೊಂದರ ಮೇಲೆ ‘ಗುಂಡ’. ಆರನೇ ಕ್ಲಾಸಿನ ನನ್ನ ಮೊಮ್ಮಗಳು ಅವಕ್ಕೆ ಪಾಸ್‌ಬುಕ್ ಎಂದೇ ಹೆಸರಿಟ್ಟಿದ್ದಾಳೆ.

ಕರಿಯ ನಮ್ಮ ನಾಯಿ. ಶಿವಮೊಗ್ಗದ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ, ಈಗ 11 ವರ್ಷ. ಗುಂಡ ಬೆಕ್ಕು, 5 ವರ್ಷದ ಗಂಡು. ‘ನಾಯಿಗೂ ಬೆಕ್ಕಿಗೂ ಲೆಕ್ಕದ ಪುಸ್ತಕವೇ? ರಾಯರಿಗೆ ಹೊತ್ತು ಹೋಗುವುದಿಲ್ಲ’ ಎಂದು ನಗುವವರು ನಗಲಿ. ನಮಗೆ ಹೊಟ್ಟೆ ನೋವಾದರೆ ‘ಅಯ್ಯೋ’ ಎನ್ನುತ್ತೇವೆ. ಮಕ್ಕಳಿಗಾದರೆ ಬೀದಿಗೇ ಕೇಳಿಸುತ್ತದೆ. ಪ್ರಾಣಿಗಳು ಹಾಗಲ್ಲ. ಕಾಡಿನಲ್ಲಿ ನಿಶ್ಶಕ್ತಿ ತೋರಿಸಿದ ಪ್ರಾಣಿಯ ಮೇಲೆ ಬೇರೆ ಪ್ರಾಣಿ ಬೀಳುತ್ತದೆ. ಆ ಹಳೆಯ ಹುಷಾರು ಸೋಫಾದ ಮೇಲೆ ಮಲಗುವ ಬೆಕ್ಕಿನಲ್ಲೂ ಉಳಿದುಬಂದಿದೆ. ಕಾಯಿಲೆ ಬಂದರೆ ಮುಚ್ಚಿಟ್ಟುಕೊಳ್ಳುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಅದು ಬಹಳ ದಿನದಿಂದ ನರಳುತ್ತಿರಬಹುದು. ಎಲ್ಲ ಸರಿಯಿದ್ದಾಗ ಅದು ಎಷ್ಟು ತಿನ್ನುತ್ತದೆ, ಎಷ್ಟು ಕುಡಿಯುತ್ತದೆ, ಎಲ್ಲಿ ಮಲಗುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ, ಏನೋ ಸರಿಯಿಲ್ಲ ಎನ್ನುವುದು ಬೇಗ ಗೊತ್ತಾಗುತ್ತದೆ. ಇಷ್ಟು ಪುರುಸೊತ್ತಾಗಿ ನೋಡುವವರು ಮನೆಯಲ್ಲಿ ಇಬ್ಬರೇ, ಅಜ್ಜ-ಅಜ್ಜಿಯರು ಮತ್ತು ಮಕ್ಕಳು. ಮಧ್ಯದವರಿಗೆ ಆಫೀಸಿದೆ.

ನಮ್ಮ ಪುಸ್ತಕದಲ್ಲಿ ದಿನಕ್ಕೆ ಒಂದೇ ಸಾಲು. ತಿಂದನೇ, ನೀರು ಕುಡಿದನೇ, ಹೊರಗೆ ಹೋಗಿ ಬಂದದ್ದು ಸರಿಯಾಗಿತ್ತೇ, ಆಡಿದನೇ. ಎಲ್ಲ ಮಾಮೂಲಾಗಿದ್ದರೆ ಮೊಮ್ಮಗಳು ‘ಸರಿ’ ಎಂದು ಬರೆದು ರುಜು ಹಾಕುತ್ತಾಳೆ. ರುಜು ಇಲ್ಲದ ಎಂಟ್ರಿ ನಾನು ಒಪ್ಪುವುದಿಲ್ಲ. ಅದು ಅವಳಿಗೂ ಗೊತ್ತು.

ತಿಂಗಳ ಮೊದಲ ಭಾನುವಾರ ತೂಕ. ನಾಯಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಆಗದ ಮಾತು, ಕಾಲು ಒಂದು ಕಡೆ, ಬಾಲ ಇನ್ನೊಂದು ಕಡೆ. ಅದಕ್ಕೆ ಮಗ ಕರಿಯನನ್ನು ಎತ್ತಿಕೊಂಡು ನಿಲ್ಲುತ್ತಾನೆ, ಆಮೇಲೆ ಬರಿಗೈಯಲ್ಲಿ ನಿಲ್ಲುತ್ತಾನೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಕರಿಯನ ತೂಕ. ಈ ಕಳೆಯುವ ಲೆಕ್ಕ ಮಕ್ಕಳೇ ಮಾಡಬೇಕು. 4 ಕಿಲೋ ತೂಗುವ ಬೆಕ್ಕು ಅರ್ಧ ಕಿಲೋ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ತನ್ನ ದೇಹದ ಎಂಟನೇ ಒಂದು ಭಾಗ ಕಳೆದುಕೊಂಡಿದೆ ಎಂದಾಯಿತು. 64 ಕಿಲೋ ಇರುವ ಮನುಷ್ಯ ಸದ್ದಿಲ್ಲದೆ 8 ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೇ?

ದಪ್ಪವೋ ತೆಳುವೋ ನೋಡಲು ಒಂದು ಸುಲಭದ ಉಪಾಯವಿದೆ. ಮಕ್ಕಳೇ, ನಿಮ್ಮ ಒಂದು ಕೈ ಮುಷ್ಟಿ ಮಾಡಿ, ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ನಾಯಿಯ ಪಕ್ಕೆಲುಬು ಹೀಗೆ ಉಬ್ಬುಬ್ಬಾಗಿ ಸಿಕ್ಕಿದರೆ ಅದು ಬಡಕಲು. ಈಗ ಮುಷ್ಟಿ ಬಿಡಿಸಿ, ಅಂಗೈ ಕೆಳಗೆ ಮಾಡಿ, ಕೈಯ ಹಿಂಭಾಗ ಮುಟ್ಟಿ ನೋಡಿ. ಮೂಳೆ ಸಿಗುತ್ತದೆ, ಮೇಲೊಂದು ತೆಳು ಹೊದಿಕೆಯೂ ಇದೆ. ಪಕ್ಕೆ ಹೀಗಿದ್ದರೆ ಸರಿ. ಅಂಗೈ ತಿರುಗಿಸಿ ಹೆಬ್ಬೆರಳಿನ ಬುಡದ ಮಾಂಸ ಮುಟ್ಟಿ. ಹಾಗಿದ್ದರೆ ಊಟ ಜಾಸ್ತಿಯಾಗಿದೆ. ನಮ್ಮ ಬೀದಿಯಲ್ಲಿ ಒಂದು ಪಗ್ ಇದೆ. ಅದರ ಪಕ್ಕೆಲುಬು ಹುಡುಕಲು ಪಂಚಾಂಗವೇ ತೆಗೆಯಬೇಕು.

ಪಾಸ್‌ಬುಕ್ಕಿನಿಂದ ಏನು ಬಂತು ಎನ್ನುವವರಿಗೆ ಗುಂಡನ ಕಥೆ ಹೇಳುತ್ತೇನೆ.

ಒಂದು ಭಾನುವಾರ ಸಂಜೆ ಮೊಮ್ಮಗಳು ಬರೆದ ಸಾಲು ಇದು: ‘ಗುಂಡ 4 ಸಲ ಮರಳಿನ ಟ್ರೇಗೆ ಹೋದ. ಏನೂ ಮಾಡಲಿಲ್ಲ. ಕೊನೆಯ ಸಲ ಕೂಗಿದ.’ ನಾನು ಹಿಂದಿನ ಪುಟ ತಿರುಗಿಸಿದೆ. ವಾರಗಟ್ಟಲೆ ಒಂದೇ ಎಂಟ್ರಿ. ದಿನಕ್ಕೆ ಎರಡು ಮೂರು ಸಲ ಮೂತ್ರ, ಒಂದು ಸಲ ಮಲ, ಸರಿ, ರುಜು. ಈವತ್ತಿನದು ಬೇರೆ. ಅಷ್ಟರಲ್ಲಿ ಪರಿಚಯದವರೊಬ್ಬರು ಬಂದಿದ್ದರು. ‘ಮಲ ಕಟ್ಟಿರಬೇಕು ರಾಯರೇ, ಒಂದು ಚಮಚ ಹರಳೆಣ್ಣೆ ಕುಡಿಸಿ, ಬೆಳಗ್ಗೆ ಹೊತ್ತಿಗೆ ಸರಿಹೋಗುತ್ತದೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಪಶುವೈದ್ಯರಿಗೆ ಫೋನ್ ಮಾಡಿ ಆ ಸಾಲನ್ನು ಹಾಗೇ ಓದಿದೆ. ಡಾಕ್ಟರಮ್ಮ ಕೇಳಿದ್ದು ಎರಡೇ ಪ್ರಶ್ನೆ.

“ಗಂಡು ಬೆಕ್ಕಾ ಸರ್?”

“ಹೌದಮ್ಮ.”

“ಬೆಳಗ್ಗೆಯಿಂದ ಒಂದು ಹನಿಯಾದರೂ ಮೂತ್ರ ಮಾಡಿದೆಯಾ?”

ಮೊಮ್ಮಗಳು ಇಲ್ಲವೆಂದು ತಲೆ ಆಡಿಸಿದಳು. “ಹಾಗಾದರೆ ನಾಳೆವರೆಗೆ ಕಾಯಬೇಡಿ, ಈಗಲೇ ಕರ್ಕೊಂಡು ಬನ್ನಿ” ಎಂದರು.

ಹಳೆಯ ಟವೆಲ್ ಹಾಸಿದ ಮುಚ್ಚಳದ ಬುಟ್ಟಿಯಲ್ಲಿ ಗುಂಡನನ್ನು ಕೂರಿಸಿಕೊಂಡು ಆಟೋದಲ್ಲಿ ಹೋದೆವು. ಡಾಕ್ಟರಮ್ಮ ಹೊಟ್ಟೆಯ ಕೆಳಭಾಗ ಮುಟ್ಟಿ, “ನೋಡಿ, ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿದೆ” ಎಂದರು. ಅದು ತುಂಬಿ ಬಿಗಿದುಕೊಂಡಿದ್ದ ಮೂತ್ರಕೋಶ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಸಣ್ಣ ಹರಳೋ ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ದಾರಿ ಬಂದ್. ಹೊರಗೆ ಹೋಗಬೇಕಾದ ಕಲ್ಮಷ ರಕ್ತಕ್ಕೆ ಸೇರುತ್ತದೆ, ಪೊಟ್ಯಾಶಿಯಂ ಏರುತ್ತದೆ, ಅದರಿಂದ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗುವ ಕಾಯಿಲೆ ಇದು. ಹರಳೆಣ್ಣೆ ಕುಡಿಸಿ ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆ ತೂರಿಸಿ ದಾರಿ ಬಿಡಿಸಿದರು. ಮೂರು ದಿನ ಡ್ರಿಪ್. ನಾಲ್ಕನೆಯ ದಿನ ಗುಂಡ ಮನೆಗೆ ಬಂದು, ಯಾರನ್ನೂ ಮಾತಾಡಿಸದೆ ನೇರವಾಗಿ ಫ್ರಿಜ್ಜಿನ ಮೇಲೆ ಹತ್ತಿ ಕುಳಿತ.

ಡಾಕ್ಟರಮ್ಮ ಆ ನೋಟ್‌ಬುಕ್ ತೆಗೆದುಕೊಂಡು ಪುಟ ತಿರುವಿ ನೋಡಿದರು. “ಹೀಗೆ ಹೇಳುವವರು ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗೀತು ಪುಟ್ಟಿ” ಎಂದರು. ಮೊಮ್ಮಗಳು ಆ ವಾರವೆಲ್ಲ ಸ್ವಲ್ಪ ಜಂಬದಲ್ಲೇ ಇದ್ದಳು. ಇರಲಿ ಬಿಡಿ.

ಬೆಕ್ಕಿಗೆ ಈ ತೊಂದರೆ ಯಾಕೆ ಎಂದು ಕೇಳಿದಾಗ ತಿಳಿದದ್ದು ಇದು. ಬೆಕ್ಕಿನ ಪೂರ್ವಜರು ಆಫ್ರಿಕಾ, ಅರಬ್ ದೇಶಗಳ ಒಣನೆಲದ ಕಾಡುಬೆಕ್ಕುಗಳು. ನೀರು ಕಡಿಮೆ ಇರುವ ಕಡೆ ಬದುಕಿದ ಜಾತಿ. ಇಲಿ, ಹಕ್ಕಿಗಳ ಮಾಂಸದಲ್ಲಿರುವ ನೀರೇ ಅವಕ್ಕೆ ಹೆಚ್ಚು ಕಡಿಮೆ ಸಾಕಾಗುತ್ತಿತ್ತು. ಹಾಗಾಗಿ ಬಾಯಾರಿಕೆಯೇ ಕಡಿಮೆ. ನಾವು ಒಣ ಆಹಾರ ಕೊಟ್ಟರೂ ಅದು ಎದ್ದು ಹೋಗಿ ನೀರು ಕುಡಿಯುವುದು ಅಷ್ಟಕ್ಕಷ್ಟೆ. ಈಗ ನಮ್ಮ ಮನೆಯಲ್ಲಿ ಮೂರು ಕಡೆ ನೀರಿನ ಬಟ್ಟಲು ಇಟ್ಟಿದ್ದೇವೆ, ಊಟದ ತಟ್ಟೆಯಿಂದ ದೂರದಲ್ಲಿ. ಒಣ ಆಹಾರದ ಜೊತೆ ಮೆತ್ತನೆಯ ಆಹಾರವನ್ನೂ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡುತ್ತೇವೆ. ಟ್ರೇ ದಿನಾ ಸ್ವಚ್ಛವಾಗಬೇಕು. ಗಲೀಜಾಗಿದ್ದರೆ ಬೆಕ್ಕು ಮೂತ್ರ ಕಟ್ಟಿಕೊಂಡು ಕೂರುತ್ತದೆ.

ಊಟದ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕೆಂದರೆ ಹಾಲು-ಅನ್ನ ಎಂದೇ ನಾವೆಲ್ಲ ಬೆಳೆದದ್ದು. ಆದರೆ ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಟಾರಿನ್ ಎಂಬ ಸತ್ವ. ಅದು ಮಾಂಸ, ಮೀನುಗಳಲ್ಲಿ ಮಾತ್ರ ಸಾಕಷ್ಟಿರುತ್ತದೆ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಿಕೊಳ್ಳಲು ಆಗುವುದಿಲ್ಲ. ಟಾರಿನ್ ಸಿಗದ ಬೆಕ್ಕಿಗೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1970ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಹೃದಯವೂ ಸೋಲುತ್ತದೆ ಎನ್ನುವುದು 1987ರಲ್ಲಿ ತಿಳಿಯಿತು. ಆಮೇಲೆ ಬೆಕ್ಕಿನ ಪ್ಯಾಕೆಟ್ ಆಹಾರಕ್ಕೆ ಸಾಕಷ್ಟು ಟಾರಿನ್ ಸೇರಿಸತೊಡಗಿದರು. ಅಂದರೆ ನಮ್ಮ ವ್ರತ ನಮಗಿರಲಿ, ಬೆಕ್ಕಿನ ಮೇಲೆ ಹೇರುವ ಹಾಗಿಲ್ಲ. ನನ್ನ ಹೆಂಡತಿ ಇದನ್ನು ಕೇಳಿ ಎರಡು ದಿನ ಯೋಚಿಸಿದಳು. ಆಮೇಲೆ ಹಿತ್ತಲ ಜಗಲಿಯಲ್ಲಿ ಗುಂಡನಿಗೆ ಬೇರೆ ತಟ್ಟೆ, ಬೇರೆ ಚಮಚ, ಬೇರೆ ಡಬ್ಬಿ ಆಯಿತು. ಈಗ ಊಟದ ಹೊತ್ತು ಐದು ನಿಮಿಷ ತಡವಾದರೆ ‘ಪಾಪ, ಅದರ ಹೊಟ್ಟೆ ಯಾರು ನೋಡುತ್ತಾರೆ’ ಎಂದು ಗದರುವವಳು ಅವಳೇ.

ನಾಯಿಯ ಕಥೆ ಬೇರೆ. ಸಾವಿರಾರು ವರ್ಷ ನಮ್ಮ ಅಂಗಳದಲ್ಲಿ ನಮ್ಮ ಎಂಜಲು ತಿಂದೇ ಬಂದ ಪ್ರಾಣಿ ಅದು. ತೋಳಕ್ಕಿಂತ ನಾಯಿಗೆ ಪಿಷ್ಟ ಪದಾರ್ಥ ಜೀರ್ಣಿಸುವ ಶಕ್ತಿ ಹೆಚ್ಚು ಎನ್ನುವುದು 2013ರಲ್ಲಿ ಅದರ ವಂಶವಾಹಿಗಳ ಅಧ್ಯಯನದಿಂದಲೂ ಖಚಿತವಾಯಿತು. ರಾಗಿ ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ, ಕುಂಬಳಕಾಯಿ, ಕ್ಯಾರೆಟ್ ನಾಯಿಗೆ ಒಗ್ಗುತ್ತವೆ. ಬರೀ ಅನ್ನ-ಮೊಸರು ಮಾತ್ರ ಸಾಲದು, ಅದರಲ್ಲಿ ಸಸಾರಜನಕ ಕಡಿಮೆ.

ನಮ್ಮ ಅಡುಗೆಮನೆಯಲ್ಲಿ ನಾಯಿ, ಬೆಕ್ಕು ಎರಡಕ್ಕೂ ಆಗದ ವಸ್ತುಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಮೊದಲನೆಯವು. ಹಸಿಯೋ ಬೆಂದದ್ದೋ, ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಆದ್ದರಿಂದ ಮಿಕ್ಕ ಹುಳಿ ಅನ್ನ, ಪಲ್ಯದ ತಳ, ಚಿತ್ರಾನ್ನ ಕರಿಯನ ತಟ್ಟೆಗೆ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಹಬ್ಬದ ದಿನ ‘ಪಾಪ, ಅವನಿಗೂ ಒಂದು ತುತ್ತು’ ಎಂದು ಪಾಯಸ, ಕೇಸರಿಬಾತ್ ಹಾಕುವ ಅಜ್ಜಿಯರು ಇದನ್ನು ಗಮನಿಸಬೇಕು. ಚಾಕೊಲೆಟ್‌ನಲ್ಲಿರುವ ಥಿಯೊಬ್ರೊಮಿನ್ ನಾಯಿಯ ಹೃದಯವನ್ನು ಓಡಿಸಿಬಿಡುತ್ತದೆ. ಚಾಕೊಲೆಟ್ ಕಪ್ಪಾದಷ್ಟೂ ಅಪಾಯ ಜಾಸ್ತಿ. ಮಕ್ಕಳೇ, ಹುಟ್ಟುಹಬ್ಬದ ಚಾಕೊಲೆಟ್ ಹಂಚುವಾಗ ಕರಿಯನಂಥವರನ್ನು ಬಿಟ್ಟುಬಿಡಿ. ಬೇಯಿಸಿದ ಕೋಳಿ ಮೂಳೆ ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ.

ಅಡುಗೆಮನೆಗಿಂತ ಅಪಾಯದ ಜಾಗ ನನ್ನಂಥವರ ಮಾತ್ರೆ ಡಬ್ಬಿ. ಬೆಕ್ಕಿಗೆ ಜ್ವರವಿದೆಯೆಂದು ನಮ್ಮ ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಆ ಔಷಧವನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಕೀಲುನೋವಿಗೆ ನಾವು ನುಂಗುವ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮಾತ್ರೆ ಕೆಳಗೆ ಬಿದ್ದರೆ ಮಂಚದಡಿ ಬಗ್ಗಿ ಹುಡುಕಲೇಬೇಕು. ಸೊಂಟ ಬಗ್ಗದಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಇನ್ನೊಂದು ಮಾತು, ನಾಯಿಯ ಉಣ್ಣೆ ಹೋಗಲು ಮೈಗೆ ಹಾಕುವ ಕೆಲವು ಔಷಧಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ನಾಯಿಗೆ ಅದು ಔಷಧ, ಬೆಕ್ಕಿಗೆ ವಿಷ. ನಾಯಿಯ ಬಾಟಲಿ ನಾಯಿಗೇ.

ಉಣ್ಣೆ ಎಂದೆನಲ್ಲ, ನಮ್ಮ ಮಲೆನಾಡಿನ ಕಡೆ ಉಣುಗು ಎನ್ನುತ್ತೇವೆ. ಉಣುಗಿನ ವಿಷಯ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಿಗೆ ಸಿಕ್ಕಿದ್ದು, ಅದು ಹರಡುವುದೂ ಕಾಡಿನ ಉಣುಗಿನಿಂದಲೇ. ನಾಯಿಯ ಮೈಗೆ ಹತ್ತುವ ಕಂದು ಉಣ್ಣೆ ಬೇರೆ ಜಾತಿಯದು. ಅದು ನಾಯಿಗೆ ಉಣ್ಣೆ ಜ್ವರ ತರುತ್ತದೆ. ರಕ್ತಕಣಗಳೊಳಗೆ ಸೂಕ್ಷ್ಮಜೀವಿ ಸೇರಿಕೊಳ್ಳುವ ಕಾಯಿಲೆ ಇದು. ಕರಿಯನಿಗೆ 7 ವರ್ಷವಾಗಿದ್ದಾಗ ಒಮ್ಮೆ ಬಂದಿತ್ತು. ಪುಸ್ತಕದಲ್ಲಿ ಎರಡು ದಿನ ‘ಬೆಳಗಿನ ಊಟ ಅರ್ಧ ಬಿಟ್ಟ’ ಎಂದಿತ್ತು. ಮೂರನೆಯ ದಿನ ತುಟಿ ಎತ್ತಿ ನೋಡಿದರೆ ಒಸಡು ಗುಲಾಬಿ ಹೋಗಿ ಬಿಳಿಚಿಕೊಂಡಿತ್ತು. ಥರ್ಮಾಮೀಟರಿನಲ್ಲಿ 104 ಡಿಗ್ರಿ. ರಕ್ತ ಪರೀಕ್ಷೆ ಮಾಡಿ ಔಷಧ ಶುರು ಮಾಡಿದರು. ನಾಲ್ಕು ವಾರ ಮಾತ್ರೆ, ಒಂದು ದಿನವೂ ತಪ್ಪದೆ. ತಡವಾಗಿದ್ದರೆ ಮೂಗಿನಲ್ಲಿ ರಕ್ತ ಬರುವವರೆಗೆ ಹೋಗುತ್ತಿತ್ತು ಎಂದರು.

ಇಲ್ಲಿ ಒಂದು ಅಂಕಿ ನೆನಪಿಡಿ. ನಾಯಿ, ಬೆಕ್ಕುಗಳ ಮೈ ನಮಗಿಂತ ಬಿಸಿ. ಫ್ಯಾರನ್‌ಹೀಟ್‌ನಲ್ಲಿ ಸುಮಾರು 101ರಿಂದ 102.5 ಡಿಗ್ರಿ ಅವಕ್ಕೆ ಮಾಮೂಲು. ಮೂಗು ಒದ್ದೆಯಿದ್ದರೆ ಆರೋಗ್ಯ, ಒಣಗಿದರೆ ಜ್ವರ ಎನ್ನುವ ಮಾತು ನಂಬಬೇಡಿ. ನಿದ್ದೆಯಿಂದ ಎದ್ದ ನಾಯಿಯ ಮೂಗೂ ಒಣಗಿರುತ್ತದೆ. ಒಸಡು ನೋಡುವುದು ಅದಕ್ಕಿಂತ ಒಳ್ಳೆಯ ಪರೀಕ್ಷೆ. ಒಸಡಿನ ಮೇಲೆ ಬೆರಳು ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸು ಬರಬೇಕು. ಹಾಗೆಯೇ ಹಲ್ಲೂ ಕಣ್ಣಿಗೆ ಬೀಳುತ್ತದೆ. ನಮಗೆ 32 ಹಲ್ಲಾದರೆ ನಾಯಿಗೆ 42, ಬೆಕ್ಕಿಗೆ 30. ಬಾಯಿ ವಾಸನೆ ಬಂದರೆ ‘ನಾಯಿ ಬಾಯಿ ಹಾಗೇ’ ಎಂದು ಬಿಡದೆ ತೋರಿಸಬೇಕು. ನಮ್ಮ ಟೂತ್‌ಪೇಸ್ಟ್ ಮಾತ್ರ ಹಾಕಬಾರದು, ಅವು ಉಗುಳುವುದಿಲ್ಲ, ನುಂಗುತ್ತವೆ.

ಉಣ್ಣೆ ಹುಡುಕುವುದು ಕರಿಯನ ಸಂಜೆಯ ಸುಖ. ಕಿವಿಯೊಳಗೆ, ಕತ್ತಿನ ಪಟ್ಟಿಯ ಕೆಳಗೆ, ಬೆರಳ ಸಂದಿ, ಬಾಲದ ಬುಡ, ಇವು ಅದರ ಠಾಣೆಗಳು. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಊದುಬತ್ತಿಯಿಂದ ಸುಡುವುದು ಬೇಡ. ಉಗುರಿನಿಂದ ಕುಕ್ಕಿ ಒಡೆಯುವುದಂತೂ ಬೇಡವೇ ಬೇಡ. ತೆಗೆದದ್ದನ್ನು ಸ್ಪಿರಿಟ್ ಇರುವ ಶೀಶೆಗೆ ಹಾಕಿ. ಮಕ್ಕಳು ಹುಡುಕಿಕೊಡಲಿ, ತೆಗೆಯುವುದು ದೊಡ್ಡವರ ಕೆಲಸ.

ಇನ್ನು ಲಸಿಕೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆಯುವುದು ಇದನ್ನೇ. ಮರಿಗೆ 6ರಿಂದ 8 ವಾರವಾದಾಗ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಮೊದಲ ಚುಚ್ಚುಮದ್ದು, ಆಮೇಲೆ 3-4 ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಮತ್ತೆ. ಒಂದೇ ಸಾಲದೇ ಎಂದು ಕೇಳುತ್ತಾರೆ. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆ ಪೂರ್ತಿ ನಾಟುವುದಿಲ್ಲ. ಆ ರಕ್ಷಣೆ ಯಾವತ್ತು ಮುಗಿಯುತ್ತದೆಂದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೇ ಮತ್ತೆ ಮತ್ತೆ. ಜಂತುಹುಳದ ಔಷಧವೂ ಮರಿಗೆ ಎರಡು ವಾರದಿಂದಲೇ ಶುರು, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ನಾಯಿ, ಬೆಕ್ಕಿನ ಕೆಲವು ಹುಳುಗಳ ಮೊಟ್ಟೆ ಮಣ್ಣಿನಿಂದ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಆಟವಾಡಿ ಬಂದು ಕೈ ತೊಳೆಯಿರಿ ಎಂದು ಅಜ್ಜಿ ಹೇಳುವುದು ಸುಮ್ಮನೆ ಅಲ್ಲ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಮುಂದಿನವು ಡಾಕ್ಟರು ಕಾರ್ಡಿನಲ್ಲಿ ಬರೆದ ತಾರೀಖಿಗೆ, ಬೆಕ್ಕಿಗೂ ಸೇರಿ. ಮನೆಯೊಳಗೇ ಇರುವ ಬೆಕ್ಕಿಗೆ ಯಾಕೆ ಎನ್ನಬೇಡಿ, ಬಾಗಿಲು ತೆರೆದಿರುವ ಮನೆ ನಮ್ಮದು. ನನ್ನ ವಯಸ್ಸಿನವರಿಗೆ ಹುಚ್ಚುನಾಯಿ ಎಂದರೆ ನೆನಪಾಗುವುದು ಹೊಕ್ಕುಳ ಸುತ್ತ ಚುಚ್ಚುತ್ತಿದ್ದ 14 ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಈಗ ತೋಳಿಗೆ ಕೊಡುತ್ತಾರೆ, ಕೆಲವೇ ಸಲ. ಆದರೆ ಆ ಹಳೆಯ ಹೆದರಿಕೆ ಕಥೆಯಾಗಿ ಮಕ್ಕಳಿಗೆ ಇಳಿದಿದೆ. ನಾಯಿ ಪರಚಿದರೂ ಕಚ್ಚಿದರೂ ಮನೆಯಲ್ಲಿ ಹೇಳದೆ ಮುಚ್ಚಿಡುವ ಮಕ್ಕಳಿದ್ದಾರೆ. ಬೈಯುತ್ತಾರೆ, ಚುಚ್ಚಿಸುತ್ತಾರೆ, ಬೀದಿಯ ನಾಯಿಮರಿಯನ್ನು ಓಡಿಸುತ್ತಾರೆ ಎನ್ನುವ ಭಯ.

ಮಕ್ಕಳೇ, ಇದೊಂದು ವಿಷಯದಲ್ಲಿ ಗುಟ್ಟು ಬೇಡ. ಕಚ್ಚಲಿ, ಪರಚಲಿ, ಗಾಯವಿರುವ ಜಾಗವನ್ನು ನೆಕ್ಕಲಿ, ಮರಿಯೇ ಆಗಿರಲಿ, ಮೊದಲು ಸೋಪು ಹಚ್ಚಿ ನಲ್ಲಿಯ ಕೆಳಗೆ 15 ನಿಮಿಷ ತೊಳೆಯಿರಿ, ತೊಳೆಯುತ್ತಲೇ ಮನೆಯವರನ್ನು ಕೂಗಿ. ಅಜ್ಜ-ಅಜ್ಜಿಯರೇ, ಅರಿಸಿನ, ಸುಣ್ಣ, ಮೆಣಸಿನಪುಡಿ ಏನೂ ಮೆತ್ತಬೇಡಿ, ಬೈಯುವುದನ್ನೂ ಬೇಡ. ಸೀದಾ ಆಸ್ಪತ್ರೆಗೆ. ಅಲ್ಲಿ ಕೊಟ್ಟ ಚೀಟಿಯಲ್ಲಿರುವ ಎಲ್ಲ ತಾರೀಖಿಗೂ ಹೋಗಲೇಬೇಕು, ಎರಡು ಇಂಜೆಕ್ಷನ್ ಆಯಿತು ಸಾಕು ಎನ್ನುವಂತಿಲ್ಲ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧವಿಲ್ಲ. ಲಕ್ಷಣ ಬರುವ ಮೊದಲು ಹೊತ್ತಿಗೆ ಸರಿಯಾಗಿ ಲಸಿಕೆ ಪಡೆದರೆ ಅದು ಬರದಂತೆ ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರ ಲಸಿಕೆಯನ್ನು ಮೊದಲು ಪಡೆದ ಜೋಸೆಫ್ ಮೈಸ್ಟರ್ ನಿಮ್ಮಂತೆಯೇ 9 ವರ್ಷದ ಹುಡುಗ, ಹುಚ್ಚುನಾಯಿ ಕಚ್ಚಿದ್ದರೂ ಬದುಕಿದ. ದೊಡ್ಡವನಾದ ಮೇಲೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲೇ ಕಾವಲಿನ ಕೆಲಸಕ್ಕಿದ್ದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ಈಗ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಕರಿಯನ ವಾರ್ಷಿಕ ಲಸಿಕೆಗೂ ನಾವು ಅದೇ ವಾರ ಗೊತ್ತು ಮಾಡಿಕೊಂಡಿದ್ದೇವೆ, ಮರೆಯುವುದಿಲ್ಲ.

ಊಟ ಮಾಡುವ, ಮಲಗಿರುವ, ಮರಿಗೆ ಹಾಲು ಕೊಡುವ ನಾಯಿಯನ್ನು ಮುಟ್ಟಬಾರದು ಎನ್ನುವುದನ್ನೂ ಹೇಳಿಬಿಡುತ್ತೇನೆ. ಬಾಲ ಆಡಿಸುವ ನಾಯಿಯೆಲ್ಲ ಖುಷಿಯಲ್ಲಿರುವುದಿಲ್ಲ. ಮೈ ಬಿಗಿದು, ಬಾಲ ಮೇಲೆತ್ತಿ ಗಟ್ಟಿಯಾಗಿ ಆಡಿಸುತ್ತಿದ್ದರೆ ದೂರವಿರಿ.

ಬೇಸಿಗೆಯಲ್ಲಿ ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮೂಗು ಚಪ್ಪಟೆಯಾದ ತಳಿಗಳಿಗೆ ಅದೂ ಕಷ್ಟ. ನಾವು ಬೆಳಗ್ಗೆ ಆರಕ್ಕೆ ಮುಂಚೆ, ಸಂಜೆ ಆರೂವರೆ ಮೇಲೆ ತಿರುಗಾಡಲು ಹೋಗುತ್ತೇವೆ. ಡಾಂಬರು ರಸ್ತೆಯ ಮೇಲೆ ನಿಮ್ಮ ಅಂಗೈಯ ಹಿಂಭಾಗ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ‘ಐದೇ ನಿಮಿಷ’ ಎಂದು ಬಿಟ್ಟುಹೋಗುವುದು ಬೇಡ. ದೀಪಾವಳಿಯ ಮೂರು ದಿನ ಕರಿಯ ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಫ್ಯಾನು ಹಾಕಿ, ರೇಡಿಯೋ ಜೋರಾಗಿಟ್ಟು ಇರುತ್ತಾನೆ. ನಮಗೆ ಕೇಳಿಸದ ಎಷ್ಟೋ ಸದ್ದು ನಾಯಿಗೆ ಕೇಳಿಸುತ್ತದೆ, ಬೆಕ್ಕಿಗೆ ಇನ್ನೂ ಹೆಚ್ಚು. ಗುಂಡ ಆಗ ಬೀರುವಿನ ಮೇಲೆ, ಹಾಸಿಗೆ ಸುರುಳಿಯ ಹಿಂದೆ. ಎತ್ತರದ, ಮರೆಯಾದ ಒಂದು ಜಾಗ ಬೆಕ್ಕಿಗೆ ಸದಾ ಬೇಕು. ಅಲ್ಲಿಂದ ಅದನ್ನು ಎಳೆಯಬಾರದು.

ನಾಯಿಯ ಒಂದು ವರ್ಷ ನಮ್ಮ ಏಳಕ್ಕೆ ಸಮ ಎನ್ನುವ ಲೆಕ್ಕ ಟ್ಯಾಲಿ ಆಗುವುದಿಲ್ಲ. ಮೊದಲ ವರ್ಷಕ್ಕೇ ನಾಯಿ ಹದಿನೈದರ ಹುಡುಗನಷ್ಟು ಬೆಳೆದಿರುತ್ತದೆ, ಎರಡಕ್ಕೆ ಇಪ್ಪತ್ತನಾಲ್ಕು, ಆಮೇಲೆ ವರ್ಷಕ್ಕೆ ನಾಲ್ಕೈದು. ಹಾಗೆ ಲೆಕ್ಕ ಹಾಕಿದರೆ ಕರಿಯನಿಗೆ ಅರವತ್ತು ದಾಟಿದೆ. ನನಗಿಂತ ಸ್ವಲ್ಪ ಚಿಕ್ಕವನು. ಕಣ್ಣಿನ ಗೊಂಬೆಯಲ್ಲಿ ನೀಲಿ ಮಬ್ಬು ಬಂದಿದೆ, ಮೆಟ್ಟಿಲ ಹತ್ತಿರ ನಿಂತು ಯೋಚಿಸುತ್ತಾನೆ. ನುಣುಪಾದ ನೆಲದ ಮೇಲೆ ಅವನ ದಾರಿಯುದ್ದಕ್ಕೂ ಹಳೆಯ ಚಾಪೆ ಹಾಸಿದ್ದೇವೆ. ವರ್ಷಕ್ಕೊಂದು ಸಲ ಇದ್ದ ತಪಾಸಣೆ ಈಗ ಆರು ತಿಂಗಳಿಗೊಮ್ಮೆ. ಮಲಗಿ ನಿದ್ದೆ ಹೋದಾಗ ಮೊಮ್ಮಗಳು ಪಕ್ಕದಲ್ಲಿ ಕುಳಿತು ಗಡಿಯಾರ ನೋಡಿಕೊಂಡು ಎದೆ ಏರಿಳಿಯುವುದನ್ನು ಎಣಿಸುತ್ತಾಳೆ. ನಿಮಿಷಕ್ಕೆ 30ರ ಒಳಗಿದ್ದರೆ ಚಿಂತೆಯಿಲ್ಲ, ಅದಕ್ಕಿಂತ ಹೆಚ್ಚಾಗಿ ಹಾಗೇ ಮುಂದುವರಿದರೆ ಹೃದಯ, ಶ್ವಾಸಕೋಶ ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದಾರೆ. ನಿನ್ನೆಯ ಎಂಟ್ರಿ 22. ಈ ತಿಂಗಳ ತೂಕ 19 ಕಿಲೋ 200 ಗ್ರಾಂ, ಹೋದ ತಿಂಗಳಿಗಿಂತ 400 ಗ್ರಾಂ ಕಡಿಮೆ. ತಿಂಗಳ ಕೊನೆಯವರೆಗೆ ಕಾಯದೆ ಬರುವ ಭಾನುವಾರವೇ ಮತ್ತೆ ತೂಗುವುದೆಂದು ನಾವಿಬ್ಬರೂ ರುಜು ಹಾಕಿದ್ದೇವೆ.